ಬಡವರೆಂಬ ಕಾರಣಕ್ಕೆ ವೀಸಾ ನಿರಾಕರಿಸುವುದು ನ್ಯಾಯವೇ?

ಎರಡು ಎಕರೆ ಜಮೀನಿರುವ ನಿಮ್ಮ ತಂದೆ ತಾಯಿಗೆ ಅಕ್ಕನ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಲು ವೀಸಾ ಸಿಗಲಿಲ್ಲವೆಂದೂ, ಬಡವರನ್ನು ಹೀಗೆ ತಡೆಯುವುದು ನ್ಯಾಯವೇ ಎಂದೂ ಕೇಳಿದ್ದೀರಿ. ತನ್ನ ಗಡಿಯೊಳಗೆ ಯಾರನ್ನು ಬಿಟ್ಟುಕೊಳ್ಳಬೇಕೆಂದು ನಿರ್ಧರಿಸುವ ಹಕ್ಕು ಪ್ರತಿಯೊಂದು ದೇಶಕ್ಕೂ ಇದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಒಬ್ಬರ ಬಡತನವನ್ನೇ ಅವರು ಹಿಂದಿರುಗುವುದಿಲ್ಲ ಎಂಬುದಕ್ಕೆ ಸಾಕ್ಷಿಯೆಂದು ಹಿಡಿಯುವುದು, ಅದು ಸುಳ್ಳೆಂದು ತೋರಿಸಲು ಅವರಿಗೆ ಸರಿಯಾದ ಅವಕಾಶವನ್ನೂ ಕೊಡದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಅಮೆರಿಕದ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲಿಯೇ ನೆಲೆಸಲು ಬರುತ್ತಿದ್ದಾರೆ ಎಂದು ಅಧಿಕಾರಿ ಮೊದಲೇ ಭಾವಿಸಬೇಕು. ಹಾಗಲ್ಲವೆಂದು ಮನದಟ್ಟು ಮಾಡುವ ಹೊಣೆ ಅರ್ಜಿದಾರರದು. ಊರಿಗೆ ಮರಳುವಂತೆ ಮಾಡುವ ನಂಟು ಏನಿದೆ ಎಂಬ ಪ್ರಶ್ನೆಗೆ ನೌಕರಿ, ಆಸ್ತಿ, ಸಂಸಾರಗಳೇ ಉತ್ತರವಾಗಬೇಕು, ಅದೂ ಕೆಲವೇ ನಿಮಿಷಗಳ ಸಂದರ್ಶನದಲ್ಲಿ.

ನಮ್ಮ ಕಡೆಯ ಹಲವರಿಗೆ ಅರ್ಜಿ ತುಂಬಿಕೊಟ್ಟಿರುವುದರಿಂದ, ಈ ಪ್ರಶ್ನೆ ಹಳ್ಳಿಯವರಿಗೆ ಎಷ್ಟು ಕಷ್ಟದ್ದೆಂದು ಬಲ್ಲೆ. ಜಮೀನಿನ ಪಹಣಿ ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಇರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ. ಹಾಲಿನ ಡೇರಿಯಿಂದ ಬರುವ ಹಣ ಬಿಟ್ಟರೆ ಪಾಸ್‌ಬುಕ್ಕಿನಲ್ಲಿ ಬೇರೆ ಜಮೆ ಕಾಣುವುದಿಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ ಕಾರಣ ರಿಟರ್ನ್ಸ್ ಸಲ್ಲಿಸಿದ ಕಾಗದವೂ ಅವರ ಬಳಿ ಇರುವುದಿಲ್ಲ. ಆದರೆ ಹಸುವಿಗೆ ಹುಲ್ಲು ಹಾಕುವವರಿಲ್ಲವೆಂದು ನೆಂಟರ ಮನೆಯಲ್ಲಿ ಎರಡು ರಾತ್ರಿ ತಂಗದ ಜನ ಅವರು. ಸಂಬಳದ ಚೀಟಿ ತೋರಿಸಬಲ್ಲ ನಗರದ ಉದ್ಯೋಗಿಗಿಂತ ಅವರ ಬೇರು ಆಳವಾಗಿದೆ, ಆದರೆ ಆ ಬೇರನ್ನು ತೋರಿಸುವ ದಾಖಲೆ ಯಾವ ಕಚೇರಿಯಲ್ಲಿಯೂ ಸಿಗುವುದಿಲ್ಲ.

ಬಡತನ ನೋಡಿಯೇ ನಿರಾಕರಿಸುತ್ತಾರೆ ಎಂಬುದು ಅರ್ಜಿದಾರರ ಊಹೆ ಮಾತ್ರವಲ್ಲ. 1990ರ ದಶಕದಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿದ್ದ ಅಮೆರಿಕದ ಕಾನ್ಸುಲೇಟಿನಲ್ಲಿ, ನೋಡಲು ಬಡವರಂತಿದ್ದಾರೆ, ಮಾತು ಬಡವರಂತಿದೆ ಎಂಬುದನ್ನು ಸೂಚಿಸುವ ಸಂಕ್ಷಿಪ್ತ ಅಕ್ಷರಗಳನ್ನೇ ಅರ್ಜಿಗಳ ಮೇಲೆ ಬರೆಯಲಾಗುತ್ತಿತ್ತು. ಇಂಥ ಮಾದರಿಗಳನ್ನು ಅನುಸರಿಸಲು ಒಪ್ಪದ ರಾಬರ್ಟ್ ಓಲ್ಸೆನ್ ಎಂಬ ಅಧಿಕಾರಿ ಕೆಲಸ ಕಳೆದುಕೊಂಡು ನ್ಯಾಯಾಲಯಕ್ಕೆ ಹೋದರು. 1997ರಲ್ಲಿ ನ್ಯಾಯಾಧೀಶ ಸ್ಟ್ಯಾನ್ಲಿ ಸ್ಪೋರ್ಕಿನ್ ಓಲ್ಸೆನ್ ಪರವಾಗಿ ತೀರ್ಪಿತ್ತರು. ಆದರೆ ತೀರ್ಪು ಮುಖ್ಯವಾಗಿ ಆಕ್ಷೇಪಿಸಿದ್ದು ಜನಾಂಗ ಮತ್ತು ಹುಟ್ಟಿದ ನಾಡಿನ ಆಧಾರದ ಪೂರ್ವಗ್ರಹವನ್ನು. ಬಡತನದ ಆಧಾರದ ಪೂರ್ವಗ್ರಹದ ವಿರುದ್ಧ ಅಷ್ಟು ಗಟ್ಟಿಯಾದ ರಕ್ಷಣೆ ಇಲ್ಲ, ನನ್ನನ್ನು ಹೆಚ್ಚು ಕಾಡುವುದು ಅದೇ.

ಎರಡು ದೇಶಗಳ ಕೂಲಿಯ ನಡುವೆ ಅಷ್ಟೊಂದು ಅಂತರವಿರುವಾಗ ಬಡವರಿಗೆ ಅಲ್ಲಿಯೇ ಉಳಿಯುವ ಆಸೆ ಹೆಚ್ಚಿರಬಹುದು ಎಂಬ ವಾದದಲ್ಲಿ ಹುರುಳಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕಿಟಕಿಯ ಮುಂದೆ ನಿಂತಿರುವುದು ಒಂದು ವರ್ಗವಲ್ಲ, ಒಬ್ಬ ಮನುಷ್ಯ. ಬೇರೆ ಯಾರೋ ಮರಳಿ ಹೋಗಲಿಲ್ಲವೆಂಬುದಕ್ಕೆ ನಿಮ್ಮ ತಾಯಿ ಏಕೆ ಉತ್ತರ ಹೇಳಬೇಕು? ಮೇಲಾಗಿ, ಅಲ್ಲಿಯೇ ನೆಲೆಸುವ ಆಸೆಯೊಂದೇ ದೋಷವಾಗಿದ್ದರೆ, ನಿಗದಿತ ಪ್ರದೇಶಗಳಲ್ಲಿ 8 ಲಕ್ಷ ಡಾಲರ್ ಹೂಡಿ ಉದ್ಯೋಗ ಸೃಷ್ಟಿಸುವವರಿಗೆ ಅದೇ ದೇಶ ಗ್ರೀನ್ ಕಾರ್ಡಿನ ದಾರಿ ತೆರೆದಿಡುತ್ತಿರಲಿಲ್ಲ.

ಒಂದೇ ವೀಸಾ ನಿಯಮವಿರುವ ಯುರೋಪಿನ ಷೆಂಗೆನ್ ದೇಶಗಳೂ ಬಹಳ ಅರ್ಜಿಗಳನ್ನು ತಿರಸ್ಕರಿಸುತ್ತವೆ, ಆದರೆ 2009ರ ವೀಸಾ ಸಂಹಿತೆಯಂತೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಅರ್ಜಿದಾರರಿಗೆ ಮೇಲ್ಮನವಿಯ ಹಕ್ಕೂ ಇದೆ. ಅಮೆರಿಕದ 214(ಬಿ) ನಿರಾಕರಣೆಗೆ ಮೇಲ್ಮನವಿ ಇಲ್ಲ, ಕೈಗೆ ಕೊಡುವ ಪತ್ರದಲ್ಲಿ ಕಲಮಿನ ಹೆಸರಿರುತ್ತದೆಯೇ ಹೊರತು ನಿಮ್ಮ ವಿಷಯದಲ್ಲಿ ಏನು ಕೊರತೆ ಕಂಡಿತೆಂಬ ವಿವರ ಇರುವುದಿಲ್ಲ. 2023ರಿಂದ 185 ಡಾಲರ್ ಆಗಿರುವ ಅರ್ಜಿ ಶುಲ್ಕವೂ ಹಿಂದಿರುಗುವುದಿಲ್ಲ. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿಯಾದ ದಿನಕ್ಕೆ 370 ರೂಪಾಯಿಯ ಲೆಕ್ಕದಲ್ಲಿ ಒಬ್ಬರ ಶುಲ್ಕವೇ ನಲವತ್ತು ದಿನಗಳ ದುಡಿಮೆಯನ್ನು ಮೀರುತ್ತದೆ. ನನ್ನ ಮಟ್ಟಿಗೆ ಕನಿಷ್ಠ ನ್ಯಾಯವೆಂದರೆ ಕಾರಣ ತಿಳಿಸುವುದು ಮತ್ತು ಬೇರೊಬ್ಬ ಅಧಿಕಾರಿ ಆ ನಿರ್ಧಾರವನ್ನು ಮರುಪರಿಶೀಲಿಸುವುದು.

ನಿಮ್ಮ ಮನೆಯ ವಿಷಯಕ್ಕೆ ಬಂದರೆ, ಈ ನಿರಾಕರಣೆ ಶಾಶ್ವತವಲ್ಲ, ಮತ್ತೆ ಅರ್ಜಿ ಹಾಕಬಹುದು. ಆದರೆ ಅದೇ ಉತ್ತರಗಳೊಂದಿಗೆ ತಕ್ಷಣ ಹೋದರೆ ಫಲ ಸಿಗುವುದು ಕಷ್ಟ. ಅಕ್ಕ ಖರ್ಚು ಭರಿಸುತ್ತಾಳೆಂಬ ಪತ್ರ ಹಣದ ಪ್ರಶ್ನೆಗೆ ಉತ್ತರವಾಗಬಹುದು, ಮರಳಿ ಬರುವ ಪ್ರಶ್ನೆಗೆ ಆಗುವುದಿಲ್ಲ. ಆದ್ದರಿಂದ ಬೇಸಾಯ, ದನಕರು, ಮನೆಯಲ್ಲಿ ಉಳಿಯುವವರು, ಹಿಂದಿರುಗುವ ತಿಂಗಳು ಇವನ್ನು ತಂದೆಯವರು ತಮ್ಮದೇ ಮಾತಿನಲ್ಲಿ ಸ್ಪಷ್ಟವಾಗಿ ಹೇಳಲಿ. ಸಾಲ ತಂದು ಖಾತೆಗೆ ತುಂಬಿ ನಿಮ್ಮದೇ ಉಳಿತಾಯವೆಂದು ತೋರಿಸಿ ಎಂದು ಹೇಳುವ ಏಜೆಂಟರನ್ನು ದಯವಿಟ್ಟು ನಂಬಬೇಡಿ. ಸುಳ್ಳು ಮಾಹಿತಿ ಕೊಟ್ಟರೆಂದು ಒಮ್ಮೆ ದಾಖಲಾದರೆ ಸಾಮಾನ್ಯವಾಗಿ ಜೀವನಪೂರ್ತಿ ಪ್ರವೇಶ ನಿಷೇಧ ಬೀಳುತ್ತದೆ, ಈಗ ಇನ್ನೂ ತೆರೆದಿರುವ ಬಾಗಿಲು ಆಗ ಮುಚ್ಚಿಹೋಗುತ್ತದೆ.