ಹಂದಿ, ಪಂದಿ, ಪಂಜಿ, ಪನ್ನಿ

ಪ್ರಶ್ನೆ: ನಮ್ಮ ಮನೆಮಾತು ತುಳು, ಹಂದಿಗೆ 'ಪಂಜಿ' ಎನ್ನುತ್ತೇವೆ. ಕೊಡಗಿನ ಗೆಳೆಯರ ಬಾಯಲ್ಲಿ ಅದು 'ಪಂದಿ', ಕಾಸರಗೋಡಿನ ಮಲಯಾಳಿಗಳಿಗೆ 'ಪನ್ನಿ'. ಇವೆಲ್ಲ ಕನ್ನಡದ 'ಹಂದಿ'ಯೇ? ಅದು ಸಂಸ್ಕೃತದಿಂದ ಬಂದ ಪದ ಎನ್ನುವವರೂ ಇದ್ದಾರಲ್ಲ?
— ಓದುಗರು, ಪುತ್ತೂರು

ಉತ್ತರ: ಸಂಸ್ಕೃತದ್ದಲ್ಲ, ಅಚ್ಚ ದ್ರಾವಿಡ ಪದ. ನೀವು ಕೊಟ್ಟ ನಾಲ್ಕಕ್ಕೂ ಬೇರು ಒಂದೇ. ಹಳಗನ್ನಡದಲ್ಲೂ ಇದು 'ಪಂದಿ'ಯೇ ಆಗಿತ್ತು. ಸುಮಾರು 10ನೇ ಶತಮಾನದಿಂದ ಕನ್ನಡ ಶಾಸನಗಳಲ್ಲಿ ಪದದ ಮೊದಲಿನ ಪಕಾರ ಹಕಾರವಾಗುವುದು ಕಾಣತೊಡಗುತ್ತದೆ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಂದಿ ಹಂದಿಯಾಯಿತು. ತುಳು, ಕೊಡವ, ತೆಲುಗು, ತಮಿಳು, ಮಲಯಾಳಗಳು ಪಕಾರವನ್ನು ಬಿಡಲಿಲ್ಲ.

ಆದರೆ ಪಕಾರ ಒಂದನ್ನೇ ನೋಡಿ ತೀರ್ಮಾನಕ್ಕೆ ಬಂದರೆ ತಪ್ಪುತ್ತೇವೆ. 'ಹಬ್ಬ'ಕ್ಕೂ ಹಿಂದೆ 'ಪಬ್ಬ' ಎಂಬ ರೂಪವಿತ್ತು, ಅದು ಮಾತ್ರ ಸಂಸ್ಕೃತದ 'ಪರ್ವ'ದಿಂದ ಬಂದದ್ದು. ಅತ್ತ 'ಹಂಸ', 'ಹಸ್ತ'ಗಳಲ್ಲಿ ಪಕಾರ ಎಂದೂ ಇರಲೇ ಇಲ್ಲ. ಹಾಗಾಗಿ ಪದದ ನಡುವಿನ ಧ್ವನಿಯನ್ನೂ ತಾಳೆ ನೋಡಬೇಕು. ನಿಜವಾದ ಪುರಾವೆ ಸಿಗುವುದು ಅಲ್ಲೇ.

ತಮಿಳಿನಲ್ಲಿ ಹಂದಿಗೆ 'ಪನ್ಱಿ' ಎಂದು ಬರೆಯುತ್ತಾರೆ. ಈಗ 'ಒಂದು' ಎಂಬ ಪದವನ್ನು ಪಕ್ಕದಲ್ಲಿಡಿ. ತಮಿಳಿನಲ್ಲಿ ಒನ್ಱು, ಮಲಯಾಳದಲ್ಲಿ ಒನ್ನ್, ತುಳುವಿನಲ್ಲಿ ಒಂಜಿ, ಕನ್ನಡದಲ್ಲಿ ಒಂದು. ಪನ್ಱಿ, ಪನ್ನಿ, ಪಂಜಿ, ಪಂದಿ ಎಂಬ ಸಾಲಿಗೆ ಇದು ಅಕ್ಷರಕ್ಕೆ ಅಕ್ಷರ ಹೊಂದುತ್ತದೆ. ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದಿರುವ ದಿಬ್ಬಕ್ಕೆ ತಾಗಿಸಿ ಉಚ್ಚರಿಸುವ ಮೂಲ ದ್ರಾವಿಡದ ಒಂದು ಜೋಡಿ ವ್ಯಂಜನ ಒಂದೊಂದು ಭಾಷೆಯಲ್ಲಿ ಒಂದೊಂದು ದಾರಿ ಹಿಡಿದದ್ದರ ಫಲ ಇದು. ಎರವಲು ಪದಗಳಲ್ಲಿ ಇಷ್ಟು ಕ್ರಮಬದ್ಧವಾದ ಹೊಂದಿಕೆ ಸಿಗುವುದು ಅಪರೂಪ. ಗೊಂಡಿಯಲ್ಲಿ 'ಪದ್ದಿ', ಒಡಿಶಾದ ಕುಯಿಯಲ್ಲಿ 'ಪಜಿ' ಇರುವುದನ್ನು ನೋಡಿದರೆ, ಈ ಭಾಷೆಗಳು ಬೇರೆಬೇರೆಯಾಗುವ ಮೊದಲೇ ಪದ ಬಳಕೆಯಲ್ಲಿತ್ತು ಎನ್ನಬೇಕು. ನಿಮ್ಮ ಕಡೆಯ ಪಂಜುರ್ಲಿ ದೈವದ ಹೆಸರಿನಲ್ಲಿ ಮೊದಲು ಬರುವುದೂ ಇದೇ 'ಪಂಜಿ'.

ಸಂಸ್ಕೃತದ ಪದಗಳು ಸೂಕರ, ವರಾಹ. ಹಿಂದಿಯ 'ಸೂಅರ್' ಸೂಕರದಿಂದ ಹುಟ್ಟಿದ್ದು, ಲ್ಯಾಟಿನ್‌ನ 'ಸೂಸ್', ಇಂಗ್ಲಿಷಿನ 'ಸ್ವೈನ್' ಅದರ ದೂರದ ನೆಂಟರು. ಬಾದಾಮಿ ಚಾಲುಕ್ಯರ ಲಾಂಛನ ವರಾಹ. 'ವರಹ' ಎಂಬ ಚಿನ್ನದ ನಾಣ್ಯದ ಹೆಸರೂ ವರಾಹದಿಂದಲೇ ಬಂದದ್ದು.

ಪ್ರಶ್ನೆ: ಮುಳ್ಳುಹಂದಿ ಹಂದಿಯ ಜಾತಿಯೇ?
— ಓದುಗರು, ಶಿರಸಿ

ಉತ್ತರ: ಅಲ್ಲ. ಅದು ಇಲಿ, ಅಳಿಲುಗಳ ಗುಂಪಿನ ದಂಶಕ. ಹಂದಿಗೆ ಗೊರಸುಂಟು, ಮುಳ್ಳುಹಂದಿಗೆ ಉಗುರಿರುವ ಬೆರಳುಗಳು. ಅದರ ಬಾಚಿಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಏನನ್ನಾದರೂ ಕಡಿಯುತ್ತಲೇ ಇರಬೇಕು. ಹೆಸರಿಟ್ಟವರು ಗಮನಿಸಿದ್ದು ದಪ್ಪ ಮೈ, ನೆಲ ಕೆದರುವ ಚಾಳಿಯನ್ನು. ಇಂಗ್ಲಿಷಿನ 'ಪೋರ್ಕ್ಯುಪೈನ್' ಕೂಡ ಹಳೆಯ ಫ್ರೆಂಚಿನಲ್ಲಿ 'ಮುಳ್ಳಿನ ಹಂದಿ'ಯೇ. ತೆಲುಗಿನವರು ಹೆಗ್ಗಣವನ್ನು 'ಪಂದಿಕೊಕ್ಕು' ಎನ್ನುತ್ತಾರೆ, ಅಂದರೆ ಹಂದಿಯಂಥ ಇಲಿ. ಇಂಗ್ಲಿಷಿನ 'ಬ್ಯಾಂಡಿಕೂಟ್' ಬಂದದ್ದು ಅದರಿಂದ. ಆಮೇಲೆ ಆಸ್ಟ್ರೇಲಿಯಾದ, ಹೊಟ್ಟೆಚೀಲದ ಪುಟ್ಟ ಪ್ರಾಣಿಯೊಂದಕ್ಕೂ ಅದೇ ಹೆಸರು ಅಂಟಿಕೊಂಡಿತು.