ಮುಂಬೈ ಮಳೆಗಾಲದಲ್ಲಿ ಎಸಿ ಹಾಕಿದ ಕೂಡಲೇ ಮುಗ್ಗಲು ವಾಸನೆ ಯಾಕೆ ಬರುತ್ತದೆ?

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲೂ ಇದೇ ಕಥೆ. ಎಸಿ ಹಾಕಿದರೆ ಮೊದಲ ಐದು ನಿಮಿಷ ಒದ್ದೆ ಗೋಣಿಚೀಲದ ವಾಸನೆ. ಗ್ಯಾಸ್ ಕಮ್ಮಿಯಾಗಿದೆ ಅಂದ ಮೆಕ್ಯಾನಿಕ್. ಅದಲ್ಲ ಕಾರಣ. ಎಸಿ ಒಳಗೆ ಗಾಳಿಯನ್ನು ತಂಪು ಮಾಡುವ ಕೊಳವೆಗಳ ಸುರುಳಿ, ಅಂದರೆ ತಣ್ಣಗಿನ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ, ಜೊತೆಗೆ ಧೂಳು. ಅಲ್ಲೇ ಬೂಸ್ಟು ಬೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಾಯಿಲ್ ಒಣಗುತ್ತಾ?

ಎರಡು ವಾರಕ್ಕೊಮ್ಮೆ ಜಾಲರಿ ಫಿಲ್ಟರ್ ತೆಗೆದು ನಲ್ಲಿ ಕೆಳಗೆ ತೊಳೆಯಿರಿ, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಎಸಿ ಆರಿಸುವ ಮೊದಲು ಅರ್ಧ ಗಂಟೆ ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸಿ. ನೀರು ಹೋಗುವ ಪೈಪ್ ಕಟ್ಟಿಕೊಂಡಿದೆಯಾ ನೋಡಿ. ಪರಿಮಳದ ಸ್ಪ್ರೇ ಸುಮ್ನೆ ದುಡ್ಡು ದಂಡ. ಅಂದಹಾಗೆ, ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಕೋಣೆಯ ಗಾಳಿಯನ್ನೇ ತಿರುಗಿಸುತ್ತದೆ. ಹಾಗಾಗಿ ದಿನಾ ಸ್ವಲ್ಪ ಹೊತ್ತು ಕಿಟಕಿ ತೆರೆಯಿರಿ.