ಮೊದಲ ದಿನವೇ ಎಲ್ಲವನ್ನೂ ಹೇಳಬೇಕಾಗಿಲ್ಲ

ಕೋಲಾರದಲ್ಲಿ ಮೊದಲ ಬಾರಿ ಆಪ್ತಸಮಾಲೋಚನೆಗೆ ಹೋಗಬೇಕೆಂದಿದ್ದೀರಿ. ಅಲ್ಲಿ ಏನು ಕೇಳುತ್ತಾರೆ, ಗುರುತಿನವರು ಕಂಡರೆ ಏನು ಹೇಳುವುದು ಎಂದು ಕೇಳಿದ್ದೀರಿ. ನಾನು ಶ್ರೀನಿವಾಸಪುರ ತಾಲ್ಲೂಕಿನವನು. ಅಮ್ಮ ತೀರಿಕೊಂಡ ವರ್ಷ ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಗುರುತಿನವರ ವಿಷಯ ಮೊದಲು ಹೇಳಿಬಿಡುತ್ತೇನೆ. ನಾನೂ ಸಮಾಲೋಚನೆಗೆಂದು ಹೋಗಿ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾಗ ನಮ್ಮೂರಿನವರೊಬ್ಬರು ಸಿಕ್ಕೇ ಸಿಕ್ಕರು. "ನಿದ್ದೆ ಬರುತ್ತಿಲ್ಲ, ತೋರಿಸಲು ಬಂದೆ" ಎಂದೆ. "ನಾನೂ ಅದಕ್ಕೇ ಬಂದಿದ್ದೇನೆ" ಎಂದರು.

ಒಮ್ಮೆ ಕುಳಿತರೆ ಸಾಮಾನ್ಯವಾಗಿ 45–50 ನಿಮಿಷ. ಮೊದಲ ದಿನ ಪ್ರಶ್ನೆಗಳೇ ಹೆಚ್ಚು: ನಿದ್ದೆ, ಊಟ, ಮನೆಯವರು, ಹಳೆಯ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ, ಕುಡಿತ. ಸಾಯಬೇಕೆನ್ನಿಸಿದೆಯೇ ಎಂದೂ ಕೇಳಬಹುದು. ನಿಮ್ಮ ಮೇಲಿನ ಅನುಮಾನದಿಂದ ಕೇಳುವುದಲ್ಲ ಅದು. ಅಂಥ ಯೋಚನೆ ಬಂದಿದ್ದರೆ ಅದೊಂದನ್ನು ಮಾತ್ರ ಮುಚ್ಚಿಡಬೇಡಿ. ಉಳಿದದ್ದು ನಿಧಾನವಾಗಿ ಬರಲಿ. "ಇದನ್ನು ಇವತ್ತು ಹೇಳಲಾರೆ" ಎಂದರೆ ಒಳ್ಳೆಯ ಸಮಾಲೋಚಕರು ಒತ್ತಾಯಿಸುವುದಿಲ್ಲ.

ನಾನು ಮೊದಲು ಹೋದ ಕಡೆ ಬಾಗಿಲು ತೆರೆದೇ ಇತ್ತು, ನಡುವೆ ಯಾರೋ ಬಂದು ಸಹಿ ಹಾಕಿಸಿಕೊಂಡು ಹೋದರು. "ಮದುವೆ ಮಾಡಿಕೊಳ್ಳಿ, ಸರಿಹೋಗುತ್ತದೆ" ಎಂಬ ಬುದ್ಧಿಮಾತೂ ಸಿಕ್ಕಿತು. ನಾಲ್ಕು ತಿಂಗಳು ಯಾರ ಹತ್ತಿರವೂ ಹೋಗಲಿಲ್ಲ. ಆ ನಾಲ್ಕು ತಿಂಗಳ ಬಗ್ಗೆ ಇಂದಿಗೂ ಸಂಕಟವಾಗುತ್ತದೆ. ಬಿಡಬೇಕಾಗಿದ್ದದ್ದು ಆ ವ್ಯಕ್ತಿಯನ್ನು, ಚಿಕಿತ್ಸೆಯನ್ನಲ್ಲ. ಹೊಂದದಿದ್ದರೆ ಬದಲಾಯಿಸಿ, ಯಾರಿಗೂ ಕಾರಣ ಕೊಡಬೇಕಾಗಿಲ್ಲ.

ಎರಡನೆಯವರು ಬುದ್ಧಿ ಹೇಳಲೇ ಇಲ್ಲ. ಅದೂ ಮೊದಮೊದಲು ನಿರಾಸೆಯೇ. ಮೂರನೆಯ ವಾರ ಅಮ್ಮನ ಮಾತು ಬಂದಾಗ ನನಗೆ ಕನ್ನಡ ಹೊರಡಲಿಲ್ಲ. ನಮ್ಮ ಕಡೆ ನಿಮಗೆ ಗೊತ್ತು, ಶಾಲೆಯಲ್ಲಿ ಕನ್ನಡ, ಅಡುಗೆಮನೆಯಲ್ಲಿ ತೆಲುಗು. "ತೆಲುಗಿನಲ್ಲೇ ಹೇಳಿ" ಎಂದರು. ಅಮ್ಮನನ್ನು ಕರೆಯುತ್ತಿದ್ದ ಮಾತಿನಲ್ಲೇ ಅಮ್ಮನ ಬಗ್ಗೆ ಹೇಳಿದ ಆ ದಿನ, ತಿಥಿಯಂದೂ ಬಾರದ ಅಳು ಬಂತು. ಆದ್ದರಿಂದ ಸಮಯ ಗೊತ್ತುಮಾಡುವಾಗಲೇ ಯಾವ ಭಾಷೆ ಬರುತ್ತದೆ ಎಂದು ಕೇಳಿಕೊಳ್ಳಿ.

ಮಾತ್ರೆ ಬೇಕಾದರೆ ಬರೆಯುವವರು ಮನೋವೈದ್ಯರು. ಸಮಾಲೋಚಕರು ಬರೆಯುವಂತಿಲ್ಲ. ಏನು ಓದಿದ್ದಾರೆ ಎಂದು ಕೇಳುವುದು ಅಗೌರವವಲ್ಲ. ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಹಕ್ಕು. ಪ್ರಾಣಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆಯವರಿಗೆ ತಿಳಿಸಬೇಕಾಗಬಹುದು. ಅದನ್ನೂ ಮೊದಲೇ ಕೇಳಿ ತಿಳಿದುಕೊಳ್ಳಿ.

ಖರ್ಚಿನ ಯೋಚನೆಯಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿ. ಅಲ್ಲಿಗೆ ಹೋಗುವಷ್ಟು ಧೈರ್ಯ ಇನ್ನೂ ಬಾರದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ; ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಸಾಯುವ ಯೋಚನೆ ಕಾಡುತ್ತಿದ್ದರೆ ಮಾತ್ರ ಬೆಳಗಾಗಲೆಂದು ಕಾಯಬೇಡಿ, ಈಗಲೇ ಕರೆ ಮಾಡಿ.

ಇನ್ನೊಂದು, ಮುಗಿದ ಕೂಡಲೇ ಕೆಲಸಕ್ಕೆ ಓಡಬೇಡಿ, ಮೈಯೆಲ್ಲ ಸೋತಂತಾಗಿರುತ್ತದೆ. ನಾನು ಕೋಲಾರಮ್ಮನ ಗುಡಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದು, ಆಮೇಲೆ ಬಸ್ಸು ಹತ್ತುತ್ತಿದ್ದೆ.